ಡರ್ವುಡ್‌ನ ಎಡ ಮೊಣಕಾಲು

ಮೊದಲೇ ಹೇಳಿಬಿಡುತ್ತೇನೆ, ನಾನು ಇನ್ನೊಬ್ಬರ ಮನೆ ವಿಷಯ ಮಾತಾಡುವವನಲ್ಲ. ಟೆಕ್ಸಾಸಿನ ಪೆಕನ್ ಕ್ರಾಸಿಂಗ್‌ನಲ್ಲಿ ನನ್ನದೊಂದು ಬೂಸಾ ಅಂಗಡಿಯಿದೆ. ದನಕ್ಕೆ ಹಿಂಡಿ, ಕೋಳಿಗೆ ಕಾಳು ಒಯ್ಯಲು ಬಂದವರು ತಾವಾಗಿಯೇ ಏನಾದರೂ ಹೇಳಿದರೆ ಕಿವಿ ಮುಚ್ಚಿಕೊಳ್ಳುವುದಾದರೂ ಹೇಗೆ? ಎರಡೂ ಕೈಯಲ್ಲಿ ಮೂಟೆ ಇರುತ್ತದೆ.

ಇನ್ನೊಂದು ಮಾತು. ನಮ್ಮೂರಿನ ಮುಕ್ಕಾಲು ಪಾಲು ಜನ ಬ್ಯಾಪ್ಟಿಸ್ಟ್ ಪಂಥದ ಕಟ್ಟುನಿಟ್ಟಿನ ಕ್ರೈಸ್ತರು, ಬ್ಯಾಪ್ಟಿಸ್ಟರು ಕುಣಿಯುವುದಿಲ್ಲ. ಪ್ರತಿ ಶನಿವಾರ ಸಂಜೆ ಮಾಜಿ ಸೈನಿಕರ ಸಭಾಂಗಣದಲ್ಲಿ, ನಾವು ಹಾಲ್ ಅನ್ನುವಲ್ಲಿ, ಕುಣಿತ ನಡೆಯುತ್ತದೆ. ಕಾಲಿಡಲು ಜಾಗವಿರುವುದಿಲ್ಲ. ಆದರೆ ಅಲ್ಲಿರುವವರು ಯಾರೂ ಬ್ಯಾಪ್ಟಿಸ್ಟರಲ್ಲ, ಲೆಕ್ಕ ಹೇಗೆ ತಾಳೆಯಾಗುತ್ತದೋ ದೇವರಿಗೇ ಗೊತ್ತು. ನಾನು ಹೋಗುವುದು ಜೋಳದ ಹಿಟ್ಟು ಕೊಡಲಿಕ್ಕೆ. ನೆಲದ ಮೇಲೆ ಹಿಟ್ಟು ಉದುರಿಸಿದರೆ ಕುಣಿಯುವವರ ಬೂಟು ಸಲೀಸಾಗಿ ಜಾರುತ್ತದೆ. ಸರಿಯಾಗಿ ಉದುರಿಸಿದ್ದಾರೋ ಇಲ್ಲವೋ ಎಂದು ನೋಡಲು ನಾನು ಕೊನೆಯ ಹಾಡಿನವರೆಗೂ ನಿಲ್ಲಬೇಕಾಗುತ್ತದೆ. ಹಿಟ್ಟಿನ ವ್ಯಾಪಾರವೆಂದರೆ ಸುಮ್ಮನೆ ಅಲ್ಲ.

ಡರ್ವುಡ್ ಪಿಂಕ್‌ಸ್ಟನ್ ನಮ್ಮೂರಿನ ಶಾಲೆಯ ಬಸ್ಸು ಓಡಿಸುತ್ತಿದ್ದ. ಬಹಳ ಒಳ್ಳೆಯವನು. ಆ ಹಳದಿ ಬಸ್ಸನ್ನು ಅವನು ತೊಳೆಯುವ ಪರಿ ನೋಡಿದರೆ ಹೆತ್ತ ಮಗುವಿಗೆ ಸ್ನಾನ ಮಾಡಿಸಿದಂತಿರುತ್ತಿತ್ತು. ಮಕ್ಕಳಿಲ್ಲದ ಮನೆ, ಊರಿನ ಮಕ್ಕಳೆಲ್ಲ ಬೆಳಿಗ್ಗೆ ಎದ್ದು ಅವನ ಹಿಂದೆ ಕೂತು ಗಲಾಟೆ ಮಾಡುತ್ತಿದ್ದವು. ಅಷ್ಟಕ್ಕೇ ಅವನು ಸುಖಿ. ಅವನಲ್ಲಿದ್ದ ದೋಷ ಒಂದೇ. ಯಾರಾದರೂ ಏನಾದರೂ ಗೊತ್ತಾ ಎಂದು ಕೇಳಿದರೆ, ಕೇಳಿ ಮುಗಿಸುವ ಮೊದಲೇ "ಗೊತ್ತು" ಅನ್ನುತ್ತಿದ್ದ.

ಒಂದು ದಿನ ಹಾಲಿನ ವಾದ್ಯತಂಡದ ಯಜಮಾನ ಆರ್ಲಿಸ್ ವಾಸ್ ನನ್ನ ಅಂಗಡಿಗೆ ಬಂದ. ಮುಖ ಹುಳ್ಳಗಿತ್ತು.

"ನಮ್ ಸ್ಟೀಲ್ ಗಿಟಾರಿನೋನು ಫೋರ್ಟ್ ವರ್ತ್‌ಗೆ ಓಡ್ಹೋದ ಕಣೋ ಓಟಿಸ್. ಹಲ್ಲಿನ ಡಾಕ್ಟರ್ ಹೆಂಡ್ತಿ ಜೊತೆ."

"ಅಯ್ಯೋ ಪಾಪ! ಡಾಕ್ಟರ್ ಗತಿ?"

"ಅವನ್ಗೇನು, ಇನ್ನೊಬ್ಬಳು ಹೆಂಡ್ತಿ ಸಿಗ್ತಾಳೆ. ನಂಗೆ ಇನ್ನೊಬ್ಬ ಸ್ಟೀಲ್ ನುಡಿಸೋನು ಎಲ್ಲಿ ಸಿಗ್ತಾನೆ, ಹೇಳು ನೋಡೋಣ!"

ಕೋಳಿಕಾಳಿನ ಮೂಟೆ ಎತ್ತುತ್ತಿದ್ದ ಡರ್ವುಡ್ ಅದನ್ನು ಕೆಳಗಿಟ್ಟು, "ಸ್ಟೀಲಾ? ನಂಗೆ ಬರತ್ತಲ್ಲ," ಅಂದ.

ಪೂರ್ತಿ ಸುಳ್ಳಲ್ಲ. ಹಿಂದಿನ ವರ್ಷ ಯಾವುದೋ ಮನೆಯ ಹಳೇ ಸಾಮಾನಿನ ಜೊತೆ ಅವನು ಒಂದು ಪೆಡಲ್ ಸ್ಟೀಲ್ ಗಿಟಾರನ್ನು ಕೊಂಡು ತಂದಿದ್ದ. ಗಿಟಾರು ಎಂದರೆ ಕೊರಳಿಗೆ ನೇತುಹಾಕಿಕೊಳ್ಳುವಂಥದ್ದಲ್ಲ. ನಾಲ್ಕು ಕಾಲಿನ ಮೇಲೆ ನಿಂತ ಹಲಗೆ, ಅದರ ಮೇಲೆ ತಂತಿ. ಬಲಗೈಯಿಂದ ಮೀಟಿ, ಎಡಗೈಯಲ್ಲಿ ಹಿಡಿದ ಉಕ್ಕಿನ ಗುಂಡನ್ನು ತಂತಿಯ ಮೇಲೆ ಜಾರಿಸಬೇಕು. ಕೆಳಗೆ ಹೊಲಿಗೆ ಯಂತ್ರದ ಹಾಗೆ ಪೆಡಲುಗಳು, ಮೊಣಕಾಲಿನಿಂದ ಪಕ್ಕಕ್ಕೆ ತಳ್ಳಲು ಸನ್ನೆಕೋಲುಗಳು. ಒಬ್ಬ ಮನುಷ್ಯನಲ್ಲಿ ಅಲ್ಲಾಡಿಸಲು ಏನೇನಿದೆಯೋ ಎಲ್ಲಕ್ಕೂ ಅದರಲ್ಲಿ ಕೆಲಸವಿದೆ. ಹೊಟ್ಟೆಯಡಿಯ ಸರಳು, ಸಲಾಕೆ ನೋಡಿದ ಅವನ ಹೆಂಡತಿ ನೆಲ್ಡಾ "ಇದೇನಿದು?" ಎಂದಾಗ "ಬಸ್ಸಿನ ಬಿಡಿಭಾಗ" ಅಂದಿದ್ದ. ನೆಲ್ಡಾ ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಬೈಬಲ್ ಪಾಠ ಹೇಳುವವಳು. ಕುಣಿತದ ಹಾಲಿನ ಮುಂದೆ ಹಾಯಬೇಕಾದರೆ ಕಾರಿನ ಗಾಜು ಏರಿಸುವವಳು. ಪಾಪ, ನಂಬಿದಳು.

ಡರ್ವುಡ್ ಮನೆಗೆ ಹೋಗಿ ಅದನ್ನು ಹೊತ್ತು ತಂದ ಮೇಲೆ ಆರ್ಲಿಸ್ ಅಲ್ಲೇ ನನ್ನ ಗೋದಾಮಿನಲ್ಲಿ ಅವನನ್ನು ಪರೀಕ್ಷೆ ಮಾಡಿದ. ಮೂರು ಸ್ವರ ಒಟ್ಟಿಗೆ ನುಡಿಸಿದರೆ ಅದನ್ನು ಕಾರ್ಡ್ ಅನ್ನುತ್ತಾರೆ. ಡರ್ವುಡ್ ಉಕ್ಕಿನ ಗುಂಡನ್ನು ಹಲಗೆಯ ಮೂರನೇ ಗೆರೆಯ ಮೇಲಿಟ್ಟು ಜಿ ಕಾರ್ಡ್ ಮೀಟಿದ. ಚೆನ್ನಾಗಿಯೇ ಬಂತು. ಮತ್ತೆ ಮೀಟಿದ. ಅದೇ ಬಂತು. ಆರ್ಲಿಸ್ ಕಾದ. ಮೂರನೇ ಸಲವೂ ಅದೇ.

"ಮುಂದೆ?"

"ಮುಂದೆ ಏನು? ಜಿ ಬಂತಲ್ಲ."

"ಬಂತಪ್ಪ. ಇಡೀ ಸಂಜೆ ಮೂರನೇ ಗೆರೆ ಮೇಲೇ ಕಾವಿಗೆ ಕೂರ್ತೀಯಾ, ಕೋಳಿ ಹಾಗೆ? ಅದೇ ಜಿ ಆರನೇ ಗೆರೇಲೂ ಇದೆ. ಅಲ್ಲಿ ಮೊದಲ್ನೇ ಪೆಡಲ್ ಒತ್ತಿ ಎಡ ಮೊಣಕಾಲು ಎಡಕ್ಕೆ ತಳ್ಳಬೇಕು. ಹತ್ತನೇ ಗೆರೇಲೂ ಇದೆ. ಅಲ್ಲಿ ಎರಡು ಪೆಡಲ್ ಒಟ್ಟಿಗೆ. ಒಂದೇ ಮನೆಗೆ ಮುಂಬಾಗಿಲು, ಪಕ್ಕದ ಬಾಗಿಲು, ಹಿತ್ತಲ ಬಾಗಿಲು. ಒಂದರಿಂದ ಹೊಕ್ಕು ಇನ್ನೊಂದರಿಂದ ಹೊರಬಂದ್ರೇನೇ ಸ್ಟೀಲು ಅಳೋದು. ಗೊತ್ತಿಲ್ವಾ?"

"ಗೊತ್ತು," ಅಂದ ಡರ್ವುಡ್.

"ಗೊತ್ತಿರ್ಬೇಕಾದ್ದು ತಲೆಗಲ್ಲ ಕಣಯ್ಯಾ, ಕಾಲಿಗೆ. ಕೂತಲ್ಲಿ ನಿಂತಲ್ಲಿ ಕಾಲಾಡಿಸ್ತಾ ಇರು. ಮೂರು, ಆರು, ಹತ್ತು. ಬರೋ ಶನಿವಾರ ಬಿಟ್ಟು ಅದರಾಚೆ ಶನಿವಾರ ಬಂದ್ಬಿಡು."

ಆಗಬಾರದ್ದೆಲ್ಲ ಆದದ್ದು ಈ ಉಪದೇಶದಿಂದ. ಡರ್ವುಡ್ ಅದನ್ನು ಅಕ್ಷರಶಃ ಪಾಲಿಸಿದ.

ಆ ಭಾನುವಾರ ಚರ್ಚಿನಲ್ಲಿ ನಮ್ಮ ಬೋಧಕ ಬ್ರದರ್ ಗ್ಯಾಂಡಿ ನರಕದ ಉಷ್ಣತೆಯ ಬಗ್ಗೆ ಮಾತಾಡುತ್ತಿದ್ದರು. ಡರ್ವುಡ್ ಕಣ್ಣು ಮುಚ್ಚಿ ಕೂತಿದ್ದ. ಎಡ ಪಾದ ನೆಲವನ್ನು ಒತ್ತುತ್ತಿತ್ತು, ಎಡ ಮೊಣಕಾಲು ಎಡಕ್ಕೆ ಸಿಡಿಯುತ್ತಿತ್ತು, ತುಟಿ "ಮೂರು... ಆರು... ಹತ್ತು" ಅನ್ನುತ್ತಿತ್ತು. ಎಡಕ್ಕೆ ಕೂತಿದ್ದವರು ಮಿಸ್ ಓಪಲ್ ಸ್ಟಬ್ಸ್. ಊರಿನಲ್ಲಿ ಯಾರಿಗೆ ಯಾವ ಕಾಯಿಲೆ ಬರಲಿದೆ ಎಂಬುದು ಕಾಯಿಲೆಗಿಂತ ಮೊದಲೇ ಅವರಿಗೆ ತಿಳಿದಿರುತ್ತದೆ. ಮೊಣಕಾಲು ಅವರ ಕೈಚೀಲಕ್ಕೆ ಬಡಿದು ಪುದೀನ ಮಿಠಾಯಿಯೆಲ್ಲ ನೆಲದ ಮೇಲೆ ಉರುಳಿತು. ಡರ್ವುಡ್ ಕಣ್ಣು ಬಿಡಲಿಲ್ಲ.

ಸೋಮವಾರ ಬೆಳಿಗ್ಗೆ ಮಿಸ್ ಓಪಲ್ ನನ್ನ ಅಂಗಡಿಯಲ್ಲಿದ್ದರು. ಅವರು ಕೋಳಿ ಸಾಕುವುದಿಲ್ಲ.

"ನರದ ಕಾಯಿಲೆ ಕಣೋ ಓಟಿಸ್. ನಮ್ಮ ದೊಡ್ಡಪ್ಪನ್ಗೂ ಹೀಗೇ ಕಾಲಿಂದ ಶುರುವಾಗಿತ್ತು. ಕ್ರಿಸ್ಮಸ್ಸಿಗೆ ಮೊದ್ಲೇ ಹೋಗ್ಬಿಟ್ಟ."

"ಕಾಲು ನಡುಗ್ತಲೇ ಹೋದ್ರಾ?"

"ಇಲ್ಲ, ಟ್ರ್ಯಾಕ್ಟರ್ ಮೇಲ್ಬಿತ್ತು. ಆದ್ರೆ ಶುರುವಾಗಿದ್ದು ಕಾಲಿಂದಲೇ."

ಪಕ್ಕದಲ್ಲಿ ಹುಲ್ಲಿನ ಬೀಜ ನೋಡುತ್ತಿದ್ದವರು ಬ್ರದರ್ ಗ್ಯಾಂಡಿ. ಅವರ ಚಿಂತೆ ಬೇರೆ. "ಕಾಯಿಲೆಯಾದ್ರೆ ಪರವಾಗಿಲ್ಲಮ್ಮ, ಪ್ರಾರ್ಥನೆ ಮಾಡೋಣ. ಆದ್ರೆ ಮೈ ನಡುಗತ್ತೆ, ಕಣ್ಣು ಮುಚ್ಚಿದಾನೆ, ಅರ್ಥವಾಗ್ದ ಮಾತು ಆಡ್ತಾನೆ. ಇದು ನಂಗೆ ಆ ಕಡೆಯವರ ಲಕ್ಷಣ ಅನ್ಸತ್ತೆ." ಆ ಕಡೆಯವರೆಂದರೆ ಹಾಲಿನ ಎದುರಿಗೆ ಗುಡಾರ ಹಾಕಿರುವ ಪೆಂಟೆಕೊಸ್ಟಲರು. ದೇವರು ಮೈಮೇಲೆ ಬಂದರೆ ಅವರು ಬೆಂಚು ಹಾರುತ್ತಾರೆ. ನಮ್ಮಲ್ಲಿ ದೇವರು ಬಂದರೂ ಯಾರೂ ಕಾಲು ಅಲ್ಲಾಡಿಸುವುದಿಲ್ಲ.

"ಮೂರು, ಆರು, ಹತ್ತು ಅಂತಿದ್ದ," ಅಂದರು ಮಿಸ್ ಓಪಲ್.

ಬ್ರದರ್ ಗ್ಯಾಂಡಿ ಬೆಳ್ಳಗಾದರು. "ಹತ್ತು? ಬೈಬಲ್ಲಿನ ಪ್ರಕಟನೆ ಗ್ರಂಥದಲ್ಲಿ ಸೈತಾನನ ಮೃಗಕ್ಕೆ ಹತ್ತು ಕೊಂಬು!"

ಅಸಲು ವಿಷಯ ನನಗೆ ಗೊತ್ತಿತ್ತು. ಆದರೆ ನಾನು ಇನ್ನೊಬ್ಬರ ಮನೆ ವಿಷಯ ಮಾತಾಡುವವನಲ್ಲವಲ್ಲ. ಹುಲ್ಲಿನ ಬೀಜ ತೂಗಿದೆ.

ನಮ್ಮೂರಿನಲ್ಲಿ ಯಾರಿಗಾದರೂ ಕಷ್ಟ ಬಂದರೆ ಡಾಕ್ಟರಿಗಿಂತ ಮೊದಲು ಬರುವುದು ಗಾಜಿನ ಬೋಗುಣಿ. ಒಳಗೆ ನೂಡಲ್ಸೋ ಹುರುಳಿಕಾಯೋ ಕೋಳಿಯೋ, ಮೇಲೆ ಕರಗಿದ ಚೀಸು, ಒವನ್ನಿನಿಂದ ತೆಗೆದು ನೇರ ತಂದಿದ್ದು. ಬೋಗುಣಿ ವಾಪಸು ಬರಲೆಂದು ತಳಕ್ಕೆ ಒಡತಿಯ ಹೆಸರು ಅಂಟಿಸಿರುತ್ತಾರೆ. ಬುಧವಾರದ ಹೊತ್ತಿಗೆ ನೆಲ್ಡಾಳ ಅಡುಗೆಮನೆಯಲ್ಲಿ ಬೋಗುಣಿ ಇಡಲು ಜಾಗವಿರಲಿಲ್ಲ.

"ಏನ್ರೇ ಇದೆಲ್ಲ? ಯಾರು ಸತ್ರು?" ಅಂದಳು ನೆಲ್ಡಾ.

"ಯಾರೂ ಇನ್ನೂ ಸತ್ತಿಲ್ಲ ಕಣಮ್ಮ," ಎಂದು ಮಿಸ್ ಓಪಲ್ ಅವಳ ಕೈ ಹಿಡಿದುಕೊಂಡರು. "ನೀನು ಧೈರ್ಯ ತಂದ್ಕೊ."

ಡರ್ವುಡ್‌ಗೆ ಏನೂ ತಿಳಿಯದು. ಮೇಜಿಗೆ ಕೂತು ಚೀಸಿನ ನೂಡಲ್ಸನ್ನು ಬಾರಿಸುತ್ತಿದ್ದ. ಬಾರಿಸುತ್ತ ಆರನೇ ಗೆರೆಯ ಬಗ್ಗೆ ಯೋಚಿಸಿದ. ಮೊಣಕಾಲು ಮೇಜಿನ ಕಾಲಿಗೆ ಬಡಿಯಿತು, ಬೋಗುಣಿಗಳೆಲ್ಲ ಗಲಗಲ ಎಂದವು. ಬಂದ ಹೆಂಗಸರೆಲ್ಲ ಒಟ್ಟಿಗೆ ಏಪ್ರನ್ನಿನಲ್ಲಿ ಕಣ್ಣೊರೆಸಿಕೊಂಡರು. ಆಗ ನೆಲ್ಡಾ ಮೊದಲ ಸಲ ಗಂಡನ ಕಾಲನ್ನು ನೋಡಿದಳು. ನೋಡಿ, ಹಿತ್ತಿಲಿಗೆ ಹೋಗಿ ಬಟ್ಟೆ ಒಣಗಿಸುವ ಹಗ್ಗದ ಹಿಂದೆ ನಿಂತು ಅತ್ತಳು. ಇದನ್ನು ನನಗೆ ಹೇಳಿದವರು ಮೂವರು, ಮೂವರೂ ಕಾಳು ಕೊಳ್ಳಲು ಬಂದವರೇ.

ನಗೆಯಾಟ ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಡರ್ವುಡ್ ಬಸ್ಸಿನಲ್ಲೂ ಕಾಲಾಡಿಸುತ್ತಿದ್ದ. ಹತ್ತನೇ ಗೆರೆ ನೆನೆದು ಎರಡು ಪೆಡಲ್ ಒಟ್ಟಿಗೆ ಒತ್ತಿದಾಗ ಅಲ್ಲಿದ್ದದ್ದು ಕ್ಲಚ್ಚು. ಬಸ್ಸು ಕುಪ್ಪಳಿಸಿತು. ಮಕ್ಕಳು "ಇನ್ನೊಂದ್ಸಲ! ಇನ್ನೊಂದ್ಸಲ!" ಎಂದು ಕೂಗಿದವು. ಮನೆಗೆ ಹೋಗಿ ಅಷ್ಟೇ ಸಂತೋಷದಿಂದ ತಾಯಂದಿರಿಗೆ ಹೇಳಿದವು.

ಮರುದಿನ ಶಾಲೆಯ ಮೇಲಧಿಕಾರಿ ಮಿಸ್ಟರ್ ಕ್ರಂಪ್ಲರ್ ಬಸ್ಸಿನ ಬಳಿ ಬಂದು ಕೈಚಾಚಿದರು. ಅವರು ನಮ್ಮ ಚರ್ಚಿನ ಹಿರಿಯರೂ ಹೌದು. ಕೆಲಸವಿಲ್ಲದ ಒಬ್ಬ ಅಳಿಯನೂ ಅವರಿಗಿದ್ದ.

"ಕೀಲಿ ಕೊಡು, ಡರ್ವುಡ್."

"ಯಾಕೆ ಸಾರ್?"

"ನಿನ್ನ ಕಾಲಿಗೆ ಏನೋ ಆಗಿದೆ ಅಂತಾರೆ. ಡಾಕ್ಟರ್ ಸರಿಯಿದೆ ಅನ್ನೋವರೆಗೂ ಬಸ್ಸು ಮುಟ್ಟಬೇಡ. ಸೋಮವಾರದೊಳಗೆ ಹೇಳದಿದ್ರೆ ಕೆಲಸ ನಮ್ಮ ಅಳಿಯಂದ್ರಿಗೆ."

ಡರ್ವುಡ್ ನೇರ ಡಾಕ್ಟರ್ ಪೀಕ್ ಹತ್ತಿರ ಓಡಿದ. ಡಾಕ್ಟರು ಅವನನ್ನು ಎತ್ತರದ ಮಂಚದ ಮೇಲೆ ಕೂರಿಸಿ, ಕಾಲು ಇಳಿಬಿಡಿಸಿ, ರಬ್ಬರ್ ಸುತ್ತಿಗೆ ತೆಗೆದರು. ಪಾಪದವನು ದಿಗಿಲಿಗೆ ಮನಸ್ಸಿನಲ್ಲಿ ಮೂರು, ಆರು ಎನ್ನುತ್ತಿದ್ದ. ಸುತ್ತಿಗೆ ತಾಗಿದ್ದೇ ತಡ, ಕಾಲು ಎಡಕ್ಕೆ ಹಾರಿ ಔಷಧಿ ತಟ್ಟೆಯನ್ನು ಉರುಳಿಸಿತು.

ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನೋಡಪ್ಪಾ, ಇಷ್ಟು ವರ್ಷದಲ್ಲಿ ಮುಂದೆ ಒದೆಯೋ ಕಾಲು ನೋಡಿದೀನಿ, ಒದೆಯದಿರೋ ಕಾಲು ನೋಡಿದೀನಿ. ಪಕ್ಕಕ್ಕೆ ಒದೆಯೋದು ಕತ್ತೆ ಬಿಟ್ರೆ ನೀನೇ."

ಅವನು ನನ್ನ ಅಂಗಡಿಗೆ ಬಂದು ಹಿಂಡಿಯ ಮೂಟೆಯ ಮೇಲೆ ಕುಸಿದು ಕೂತ. "ಓಟಿಸ್, ನಿಜ ಹೇಳಿದ್ರೆ ಬಸ್ಸು ಉಳಿಯತ್ತೆ, ನೆಲ್ಡಾ ಮನೆಯಿಂದ ಆಚೆ ಹಾಕ್ತಾಳೆ. ಹೇಳದಿದ್ರೆ ನೆಲ್ಡಾ ಉಳೀತಾಳೆ, ಬಸ್ಸು ಹೋಗತ್ತೆ. ಆ ಅಳಿಯನ್ಗೆ ಆ ಮಕ್ಕಳ ಹೆಸರು ಕೂಡ ಗೊತ್ತಿಲ್ವಲ್ಲ, ಮಾರಾಯ!" ಅಂದ. 

"ಆರ್ಲಿಸ್‌ಗೆ ಆಗಲ್ಲ ಅಂದ್ಬಿಡು."

"ಬರತ್ತೆ ಅಂದ್ಬಿಟ್ಟಿದೀನಲ್ಲ," ಅಂದ. ಅಂಥ ಜನಕ್ಕೆ ಏನು ಹೇಳುವುದು?

ಶನಿವಾರ ಸಂಜೆ ಅವನು ನೆಲ್ಡಾಗೆ "ಓಟಿಸ್ ಅಂಗಡೀಲಿ ಮೂಟೆ ಜೋಡಿಸ್ಬೇಕು" ಎಂದು ಹೇಳಿ ಹೊರಟ. ಕಾಯಿಲೆಯ ಮನುಷ್ಯ ಮೂಟೆ ಜೋಡಿಸುವುದೇ? ನೆಲ್ಡಾ ಮಿಸ್ ಓಪಲ್‌ಗೆ ಫೋನ್ ಮಾಡಿದಳು. ಮಿಸ್ ಓಪಲ್ ಬ್ರದರ್ ಗ್ಯಾಂಡಿಗೆ ಮಾಡಿದರು. ಬ್ರದರ್ ಗ್ಯಾಂಡಿ, "ನಾನು ಹೇಳಿರ್ಲಿಲ್ವಾ? ಗುಡಾರಕ್ಕೆ ಹೋಗಿದಾನೆ," ಎಂದರು. ಮೂವರೂ ಒಂದೇ ಕಾರಿನಲ್ಲಿ ಪೆಂಟೆಕೊಸ್ಟಲರ ಗುಡಾರಕ್ಕೆ ನುಗ್ಗಿದರು. ಅಲ್ಲಿ ಬಹಳ ಜನ ನಡುಗುತ್ತಿದ್ದರು, ಆದರೆ ಡರ್ವುಡ್ ಇರಲಿಲ್ಲ. ಅಲ್ಲಿನ ಬೋಧಕ ಮರ್ಯಾದೆಯಿಂದ, "ಎದುರುಗಡೆ ಹಾಲಲ್ಲಿ ನೋಡಿ. ನಿಮ್ಮವರೆಲ್ಲ ಶನಿವಾರ ಅಲ್ಲೇ ಇರ್ತಾರೆ," ಎಂದು ತಿಳಿಸಿದರು.

ಅತ್ತ ಹಾಲಿನಲ್ಲಿ ನಾನು ಹಿಟ್ಟು ಪರಿಶೀಲಿಸುತ್ತ ನಿಂತಿದ್ದೆ. ವೇದಿಕೆಯ ಮೇಲೆ ಡರ್ವುಡ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಸ್ಟೀಲಿನ ಹಿಂದೆ ಕೂತಿದ್ದ. ಮೊದಲ ಹಾಡು ಮೂರನೇ ಗೆರೆಯ ಮೇಲೆ ಮುಗಿಯಿತು. ಎರಡನೆಯದೂ ಮೂರನೇ ಗೆರೆಯ ಮೇಲೇ. ಎರಡು ವಾರ ಕಾಲು ಬೇರೆ ಕುಣಿದಿತ್ತು, ಕೈ ಬೇರೆ ಕುಣಿದಿತ್ತು. ಎರಡೂ ಒಂದನ್ನೊಂದು ಮಾತಾಡಿಸಿರಲೇ ಇಲ್ಲ. ಆರ್ಲಿಸ್ ಹಾಡುತ್ತಲೇ ಅವನನ್ನು ಕಣ್ಣಲ್ಲೇ ಕೊಲ್ಲುತ್ತಿದ್ದ. ಜನ ಬೇಸತ್ತು ಕುರ್ಚಿ ಹುಡುಕತೊಡಗಿದರು.

ಮೂರನೆಯ ಹಾಡು ನಿಧಾನದ್ದು, ಜೋಡಿಗಳು ಅಪ್ಪಿಕೊಂಡು ತಿರುಗುವಂಥದ್ದು. ಅದು ನಡೆದಿರುವಾಗ ಬಾಗಿಲು ತೆರೆಯಿತು. ನೆಲ್ಡಾ.

ಡರ್ವುಡ್ ನೋಡಿದ. ಮುಖ ಮರೆಸಲು ಎಡಕ್ಕೆ ಬಾಗಿದ. ಬಾಗಿದಾಗ ಮೊಣಕಾಲು ಎಡಕ್ಕೆ ಹೋಯಿತು, ಪಾದ ಮೊದಲ ಪೆಡಲಿನ ಮೇಲೆ ಬಿತ್ತು, ಅವಳಿಂದ ದೂರ ಓಡಲು ನೋಡಿದ ಕೈ ಆರನೇ ಗೆರೆಗೆ ಜಾರಿತು. ಅದೇ ಜಿ! ಆದರೆ ಈಗ ಅದು ಬೇರೆ ಬಾಗಿಲಿನಿಂದ ಬಂದಿತ್ತು, ಮೃದುವಾಗಿ, ಬಿಕ್ಕುತ್ತ. ಕುಣಿಯುತ್ತಿದ್ದವರು ತಲೆಯೆತ್ತಿದರು. ನೆಲ್ಡಾ ನೆಲದ ನಡುವೆ ಬಂದಳು. ಅವನು ಮತ್ತೆ ಮೂರಕ್ಕೆ ಇಳಿದ, ಮತ್ತೆ ಆರಕ್ಕೆ ಏರಿದ. ನೆಲ್ಡಾ ವೇದಿಕೆಯ ಬುಡಕ್ಕೆ ಬಂದಳು. ಗಾಬರಿಗೆ ಅವನ ಇಡೀ ಪಾದ ಎರಡು ಪೆಡಲಿನ ಮೇಲೂ ಕೂತುಬಿಟ್ಟಿತು, ಕೈ ಹತ್ತನೇ ಗೆರೆಗೆ ಓಡಿತು. ಓಡಲು ಅಲ್ಲಿಂದಾಚೆ ಜಾಗವಿರಲಿಲ್ಲ. ಆ ಸ್ವರ ಮೇಲೆ ನಿಂತು ಅತ್ತಿತು ನೋಡಿ, ಎದೆ ಕಲಕಿಹೋಯಿತು. ಹಿಟ್ಟಿನ ವ್ಯಾಪಾರಿಯಾದ ನನಗೇ ಹೀಗಾದರೆ ಉಳಿದವರ ಪಾಡೇನು!

ಹಾಡು ಮುಗಿಯಿತು. 

"ಅದೇ ಕಾಲು!" ಎಂದು ಮಿಸ್ ಓಪಲ್ ಕಿರುಚಿದರು. "ಅದೇ ಕಾಯಿಲೆ! ಅಯ್ಯೋ, ಇದು ಕಾಯಿಲೇನೇ ಅಲ್ಲ!" ಅವರ ದನಿಯಲ್ಲಿ ಇದ್ದದ್ದು ಸಂತೋಷವಲ್ಲ, ಮೋಸಹೋದವರ ದುಃಖ.

ಬ್ರದರ್ ಗ್ಯಾಂಡಿ ಸುತ್ತ ಕಣ್ಣಾಡಿಸಿದರು. ಸುತ್ತ ಇದ್ದದ್ದು ಅವರದೇ ಚರ್ಚಿನ ಜನ. ಎಲ್ಲರೂ ಒಟ್ಟಿಗೆ ಸೂರಿನ ಕಡೆ ನೋಡುತ್ತಿದ್ದರು. ನಾನು ಬಗ್ಗಿ ಹಿಟ್ಟು ಮುಟ್ಟಿ ನೋಡಿದೆ.

"ಬುಧವಾರದಿಂದ ಅತ್ತಿದೀನಿ," ಅಂದಳು ನೆಲ್ಡಾ.  "ನಿನ್ನ ಹೂಳೋಕೆ ಯಾವ ಕೋಟು ಹಾಕ್ಲಿ ಅಂತ ಕೂಡ ಯೋಚಿಸಿದೀನಿ. ನೀನು ಇಲ್ಲಿ... ಬಸ್ಸಿನ ಬಿಡಿಭಾಗ ನುಡಿಸ್ತಿದೀಯಾ!"

"ತಪ್ಪಾಯ್ತು, ನೆಲ್ಡಾ. ನೀನು ಬಿಟ್ಟುಹೋಗ್ತೀಯ ಅಂತ ಹೆದರಿದೆ."

"ಸಾಯಲ್ಲ ತಾನೇ?"

"ಇಲ್ಲ."

"ನಿಜ?"

"ಕಾಲು ಚೆನ್ನಾಗಿದೆ, ನೆಲ್ಡಾ. ದೇವರಾಣೆ."

ನೆಲ್ಡಾ ಉಸಿರು ಬಿಟ್ಟಳು. ಕೋಪ ಇನ್ನೂ ಇತ್ತು, ಅದನ್ನು ಎಲ್ಲಾದರೂ ಇಳಿಸಬೇಕಿತ್ತು. ತಿರುಗಿದಳು. ಕಂಬದ ಹಿಂದೆ, ಹೆಂಡತಿಯ ಸೊಂಟದ ಮೇಲಿಂದ ಕೈ ತೆಗೆಯಲು ಮರೆತು, ಮಿಸ್ಟರ್ ಕ್ರಂಪ್ಲರ್ ನಿಂತಿದ್ದರು. ಬೂಟಿನ ತುಂಬ ಜೋಳದ ಹಿಟ್ಟು.

"ಮಿಸ್ಟರ್ ಕ್ರಂಪ್ಲರ್, ನನ್ನ ಗಂಡನ ಕಾಲು ನೋಡಿದ್ರಲ್ಲ?"

"ನಾನಾ? ನಾನು... ನಾನು ಇಲ್ಲಿಗೆ ಬಂದೇ ಇಲ್ವಲ್ಲಮ್ಮ."

"ಸರಿ, ಬಂದಿಲ್ಲ. ಬರದೇ ಇರೋ ನೀವು ಸೋಮವಾರ ಬೆಳಿಗ್ಗೆ ಬಸ್ಸಿನ ಕೀಲಿ ಅವನ ಕೈಗೆ ಕೊಡ್ತೀರಿ. ಇಲ್ದಿದ್ರೆ ಭಾನುವಾರ ಎದ್ದು ನಿಂತು, ಯಾರ್ಯಾರು ಬಂದಿರ್ಲಿಲ್ಲ ಅಂತ ಹೆಸರು ಹಿಡಿದು ಹೇಳ್ತೀನಿ."

"ಆದ್ರೆ ಊರೆಲ್ಲ ಕಾಯಿಲೆ ಅಂತಿದೆಯಲ್ಲ? ನಾನು ಏನಂತ ಹೇಳ್ಲಿ?" ಎಂದು ಕ್ರಂಪ್ಲರ್ ದೀನರಾದರು. "ಹೇಗೆ ವಾಸಿಯಾಯ್ತು ಅಂತ ಕೇಳಿದ್ರೆ? ಎಲ್ಲಿ ನೋಡಿದ್ರಿ ಅಂತ ಕೇಳಿದ್ರೆ?"

ನೆಲ್ಡಾ ಯೋಚಿಸಿದಳು. ವೇದಿಕೆಯ ಮೇಲೆ ಕೂತಿದ್ದ ಗಂಡನನ್ನು ನೋಡಿದಳು, ಅವನ ಕೈ ಕೆಳಗಿದ್ದ ತಂತಿಗಳನ್ನು ನೋಡಿದಳು.

"ವಾಸಿಯಾಗಿಲ್ಲ. ಆ ಕಾಯಿಲೆ ಬರೋದು ಶನಿವಾರ ಸಂಜೆ ಮಾತ್ರ. ಬಸ್ಸು ಓಡೋದು ಸೋಮವಾರದಿಂದ ಶುಕ್ರವಾರ," ಅಂದಳು.

ಹಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಉಸಿರಾಡಿದರು. ಬ್ರದರ್ ಗ್ಯಾಂಡಿ "ಆಮೆನ್" ಎಂದದ್ದು ನನ್ನ ಕಿವಿಗೆ ಬಿತ್ತು. ಆಮೇಲೆ ಅವರು, ತಾವು ಕಳೆದುಹೋದ ಕುರಿ ಹುಡುಕಲು ಬಂದದ್ದೆಂದೂ, ಕುರಿಗಳನ್ನು ಪೂರ್ತಿ ಎಣಿಸುವವರೆಗೆ ಹೋಗುವಂತಿಲ್ಲವೆಂದೂ ಹೇಳಿ ಒಂದು ಕುರ್ಚಿ ಎಳೆದುಕೊಂಡರು.

ಸೋಮವಾರ ಡರ್ವುಡ್ ಬಸ್ಸಿನಲ್ಲಿದ್ದ. ಮಕ್ಕಳು "ಇನ್ನೊಂದ್ಸಲ!" ಎಂದು ಎಷ್ಟು ಬೇಡಿದರೂ ಬಸ್ಸು ಕುಪ್ಪಳಿಸಲಿಲ್ಲ.

ಮುಂದಿನ ಶನಿವಾರ ಸಂಜೆ ನಾನು ಹಿಟ್ಟಿನ ಮೂಟೆ ಇಳಿಸುತ್ತಿದ್ದಾಗ ನೆಲ್ಡಾ ಹಾಲಿನ ಬಾಗಿಲಿಗೆ ಬಂದಳು. ಎರಡು ಕೈಯಲ್ಲೂ ಬಟ್ಟೆ ಸುತ್ತಿ ಬಿಸಿ ಬೋಗುಣಿ ಹಿಡಿದಿದ್ದಳು.

"ಏನಮ್ಮಾ ನೆಲ್ಡಾ, ಇಲ್ಲಿ?"

"ಕಾಯಿಲೆಯವ್ರನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ," ಎಂದು ನನ್ನನ್ನು ಗುರಾಯಿಸಿ ಒಳಗೆ ಹೋದಳು. ಹೋಗಿ ವೇದಿಕೆಯ ಎದುರಿನ ಮೇಜಿಗೇ ಕೂತಳು.

ಅವಳ ಹಿಂದೆ ಮಿಸ್ ಓಪಲ್, ಹುರುಳಿಕಾಯಿಯ ಬೋಗುಣಿ. ಅವರ ಹಿಂದೆ ಮಿಸೆಸ್ ಕ್ರಂಪ್ಲರ್, ಕೋಳಿಯದ್ದು. ಅವರ ಹಿಂದೆ ಇಡೀ ಚರ್ಚಿನ ಹೆಂಗಸರು ಸಾಲುಗಟ್ಟಿ ಬಂದರು. ರೋಗಿಯನ್ನು ಕಾಣುವುದು ಕ್ರೈಸ್ತರ ಕರ್ತವ್ಯ, ಅದನ್ನು ಯಾರೂ ತಪ್ಪು ಎನ್ನುವಂತಿಲ್ಲ. ಆರ್ಲಿಸ್ ಬೋಗುಣಿಗಳಿಗೆಂದೇ ಗೋಡೆಯುದ್ದಕ್ಕೂ ಒಂದು ಮೇಜು ಹಾಕಿಸಿದ್ದಾನೆ.

ನಿನ್ನೆ ಭಾನುವಾರ ಚರ್ಚಿನಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಬ್ರದರ್ ಗ್ಯಾಂಡಿ ಮತ್ತೆ ನರಕದ ಉಷ್ಣತೆಗೆ ಬಂದಿದ್ದರು. ಡರ್ವುಡ್‌ನ ಕಾಲು ಅಲ್ಲಾಡಲಿಲ್ಲ, ಅವನು ಸೊಗಸಾಗಿ ನಿದ್ದೆ ಮಾಡುತ್ತಿದ್ದ. ಅಲ್ಲಾಡುತ್ತಿದ್ದದ್ದು ಪಕ್ಕದಲ್ಲಿದ್ದ ನೆಲ್ಡಾಳ ಪಾದ. ಮಿಸ್ ಓಪಲ್ ಅದನ್ನು ನೋಡಿ ಹಿಂದಕ್ಕೆ ತಿರುಗಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ನಾನು ಹೇಳ್ಲಿಲ್ವೇನೋ ಓಟಿಸ್? ಅಂಟುಜಾಡ್ಯ ಇದು!"

ಹೇಳುವಾಗ ಅವರ ಕೈಚೀಲ ಕೆಳಗೆ ಬಿತ್ತು. ಮಿಠಾಯಿ ಎತ್ತಿಕೊಡಲು ನಾನು ಬಗ್ಗಿದೆ. ಮಿಸ್ ಓಪಲ್‌ರ ಎಡ ಮೊಣಕಾಲು ಎಡಕ್ಕೆ ಹೋಗಿ ಬಲಕ್ಕೆ ಬರುತ್ತಿತ್ತು. ನಾನು ಯಾರಿಗೂ ಹೇಳಿಲ್ಲ.